ದೊಡ್ಡಮ್ಮನ ಬೆಂಚುಗಳು

ಕೋಡುಬಳೆಯ ಡಬ್ಬಿಯಿಂದ ಶುರುಮಾಡುತ್ತೇನೆ, ಏಕೆಂದರೆ ಅದು ಇನ್ನೂ ನನ್ನ ಬಳಿ ಇದೆ. ಉಳಿದದ್ದಕ್ಕೆಲ್ಲ ನನ್ನ ನೆನಪೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಡಬ್ಬಿ ಹಳದಿ ಬಣ್ಣದ್ದು. ಮೊದಲು ಅದರಲ್ಲಿ ಬಿಸ್ಕತ್ತು ಇತ್ತಂತೆ. ಮುಚ್ಚಳದ ಮೇಲೆ ಒಂದು ಕುದುರೆಗಾಡಿಯ ಚಿತ್ರ. ಕೈ ಉಜ್ಜಿ ಉಜ್ಜಿ ಕುದುರೆಯ ತಲೆ ಅಳಿಸಿಹೋಗಿದೆ. ಇದನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ದೊಡ್ಡಮ್ಮ ಹತ್ತು ಹನ್ನೊಂದು ವರ್ಷ ನೈರೋಬಿಯ ಸರ್ಕಾರಿ ಕಚೇರಿಗಳ ಬೆಂಚುಗಳ ಮೇಲೆ ಕೂತಳು. ಕುಟುಂಬವನ್ನು ಉಳಿಸುವುದು ಅವಳ ಕೆಲಸವಾಗಿತ್ತು.

ಹೀಗೆಂದರೆ ಈಗಿನವರು ನಗುತ್ತಾರೆ. ಆಗಲೂ ನಗುತ್ತಿದ್ದರು, ಎಲ್ಲರಿಗಿಂತ ಮೊದಲು ದೊಡ್ಡಪ್ಪ. ಊರಿನವರ ಕುಟುಂಬಗಳನ್ನೆಲ್ಲ ಉಳಿಸಿ ಬರುವಷ್ಟರಲ್ಲಿ ನಮ್ಮ ಕುಟುಂಬದ ಸಾರು ಆರಿರುತ್ತದೆ ಎನ್ನುತ್ತಿದ್ದರು. ಅವಳು ಮಾಡುತ್ತಿದ್ದುದಕ್ಕೆ ಲಾಬಿ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಮನೆಯಲ್ಲಿ ಅದಕ್ಕೆ ನಾವು 'ಬೆಂಚಿಗೆ ಹೋಗೋದು' ಎನ್ನುತ್ತಿದ್ದೆವು.

ನಾನು ಅವಳ ತಂಗಿಯ ಮಗಳು. ಮೈಸೂರಿನಲ್ಲಿ ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಮುಂದಿನ ವರ್ಷವೇ ಅಪ್ಪ ಮತ್ತೆ ಮದುವೆಯಾಗಿ, ಬಂದವರನ್ನು ಚಿಕ್ಕಮ್ಮ ಎಂದು ಕರೆ ಎಂದರು. ಅವರು ಕೆಟ್ಟವರೇನಲ್ಲ, ನನ್ನನ್ನು ಕಂಡರೆ ಎಲ್ಲಿ ನಿಲ್ಲಬೇಕೆಂದು ತಿಳಿಯದವರು, ಅಷ್ಟೆ. ಮಕ್ಕಳಿಲ್ಲದ ದೊಡ್ಡಮ್ಮ ದೊಡ್ಡಪ್ಪ ಎಂಬತ್ತರ ದಶಕದ ನಡುವೆ ಒಂದು ರಜೆಗೆ ಬಂದರು, ಒಂದು ವಾರ ಏನೂ ಹೇಳದೆ ನನ್ನನ್ನು ನೋಡಿದರು, ಹೊರಡುವಾಗ ಜೊತೆಗೆ ಕರೆದುಕೊಂಡು ಹೋದರು. ಹೀಗೆ ನನಗೆ ಚಿಕ್ಕಮ್ಮನೂ ಇದ್ದರು, ದೊಡ್ಡಮ್ಮನೂ ಇದ್ದಳು, ನಡುವಿನವಳು ಇರಲಿಲ್ಲ.

ಮೊದಮೊದಲು ದೊಡ್ಡಮ್ಮನನ್ನು ನಾನು 'ನೀವು' ಎನ್ನುತ್ತಿದ್ದೆ. ಈಗ ಬರೆಯುವಾಗ ಕೈ ತಾನಾಗಿ 'ಕೂತಳು' ಎಂದು ಬರೆಯಿತು, ನೋಡಿ. 'ನೀವು' ಯಾವ ದಿನ 'ನೀನು' ಆಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಇದನ್ನು ಬರೆಯುವುದು ಬಹಳ ಸುಲಭವಾಗುತ್ತಿತ್ತು.

ನಮ್ಮ ಮನೆ ಅಪ್ಪರ್ ಹಿಲ್‌ನ ಇಳಿಜಾರಿನಲ್ಲಿ, ಹಳೆಯ ಹೆಂಚಿನ ಬಂಗಲೆ. ಆಗ ಅಲ್ಲಿ ಈಗಿನ ಎತ್ತರದ ಕಟ್ಟಡಗಳಿರಲಿಲ್ಲ. ದೊಡ್ಡಪ್ಪ ಹತ್ತಿರದ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು. ದೊಡ್ಡಮ್ಮ ಬೆಳಿಗ್ಗೆ ಒಂದು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಅವರಿಬ್ಬರೂ ಆ ದೇಶದ ಪೌರರಾಗಿದ್ದರು. ನನ್ನದು ಮಾತ್ರ ಭಾರತದ ಪಾಸ್‌ಪೋರ್ಟು, ಅವರನ್ನು ಅವಲಂಬಿಸಿದ ಮಗು ಎಂದು ಬರೆದ ಒಂದು ಪಾಸು. ಅದನ್ನು ಆಗಾಗ ನವೀಕರಿಸಬೇಕಿತ್ತು.

ಅವಳ ಬೆಂಚಿನ ಬದುಕು ನಾನು ಬರುವ ಸ್ವಲ್ಪ ಮೊದಲು ಶುರುವಾಗಿತ್ತು. ಶಾಲೆಯ ಎದುರಿಗೆ ಒಂದು ವಿಡಿಯೋ ಅಂಗಡಿ ತೆರೆದು, ಮಕ್ಕಳು ನೋಡಬಾರದ ಪೋಸ್ಟರನ್ನು ಮಕ್ಕಳ ಎತ್ತರಕ್ಕೇ ಅಂಟಿಸಿದ್ದರಂತೆ. ದೊಡ್ಡಮ್ಮ ನಗರಸಭೆಗೆ ಹೋಗಿ ಬೆಂಚಿನ ಮೇಲೆ ಕೂತಳು. ಮೊದಲ ದಿನ ಯಾರೂ ಮಾತಾಡಿಸಲಿಲ್ಲ. ಎರಡನೆಯ ದಿನ ಕೋಡುಬಳೆ ಒಯ್ದಳು. ಮೂರನೆಯ ದಿನ ಪೋಸ್ಟರು ಇಳಿಯಿತು. ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ ಆ ಪೋಸ್ಟರನ್ನು ನಾನೇ ಕಂಡಿದ್ದೆ ಎನಿಸುತ್ತದೆ. ಕಂಡಿಲ್ಲ.

ಆಮೇಲೆ ಬೇರೆ ಬೇರೆ ಚರ್ಚುಗಳ ತಾಯಂದಿರು ಸೇರಿ ಒಂದು ಒಕ್ಕೂಟ ಕಟ್ಟಿದಾಗ ಇವಳನ್ನು ಕಾರ್ಯದರ್ಶಿ ಮಾಡಿದರು. ಸಿನಿಮಾ ಜಾಹೀರಾತು, ಸೌಂದರ್ಯ ಸ್ಪರ್ಧೆ, ಹರೆಯದ ಮಕ್ಕಳಿಗೆಂದು ಶಾಲೆಗೆ ಬರಲಿದ್ದ ಹೊಸ ಪಾಠ, ಸಲೀಸಾದ ವಿಚ್ಛೇದನ ಎಲ್ಲದರ ವಿರುದ್ಧವೂ ಇವಳ ಪತ್ರಗಳು ಹೋಗುತ್ತಿದ್ದವು. ಹದಿನೈದರ ವಯಸ್ಸಿಗೆ ನನಗೆ ಅವಳ ಅರ್ಧ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ಇಂದು ಮುಕ್ಕಾಲು ಒಪ್ಪಿಗೆಯಿಲ್ಲ. ಆ ಹೊಸ ಪಾಠ ನಮ್ಮ ಶಾಲೆಗೆ ಬಂದಿದ್ದರೆ ನನಗೂ ನನ್ನ ಗೆಳತಿಯರಿಗೂ ಒಳ್ಳೆಯದೇ ಆಗುತ್ತಿತ್ತು ಎಂದು ಅವಳ ಎದುರಿಗೇ ಹೇಳಿದ್ದೇನೆ. ನಿನಗೆ ಬೇಕಾದ್ದನ್ನು ನನ್ನ ಹತ್ತಿರ ಕೇಳು ಎಂದಳು. ಕೇಳಿದೆ. ಅವಳು ಬಟಾಣಿ ಬಿಡಿಸುತ್ತ, ತಲೆ ಎತ್ತದೆ, ಒಂದೊಂದಕ್ಕೂ ಉತ್ತರ ಹೇಳಿದಳು. ಕಿವಿ ಮಾತ್ರ ಕೆಂಪಾಗಿತ್ತು. ಎಲ್ಲ ಮುಗಿದ ಮೇಲೆ, ಇದನ್ನೇ ಪುಸ್ತಕದಲ್ಲಿ ಬರೆಯೋದು ಬೇಡ ಅಂತ ನಾನು ಹೇಳ್ತಿರೋದು ಎಂದಳು.

ಬೆಂಚಿನ ಕೆಲಸಕ್ಕೆ ನಿಯಮಗಳಿದ್ದವು. ರಜೆಯಲ್ಲಿ ಜೊತೆಗೆ ಹೋಗಿ ಹೋಗಿ ನನಗೂ ಅವು ಬಾಯಿಪಾಠವಾಗಿದ್ದವು. ಬಂದ ವಿಷಯವನ್ನು ಎಂದೂ ಮೊದಲ ಭೇಟಿಯಲ್ಲಿ ಎತ್ತಬಾರದು.

"ಮೊದಲ್ನೇ ದಿನ ಅವರ ಅಮ್ಮನ ಮಂಡಿನೋವು ಕೇಳು. ಎರಡನೇ ದಿನ ಮಂಡಿ ಹೇಗಿದೆ ಅಂತ ಕೇಳು. ಮೂರನೇ ದಿನ ಅವರೇ ಕೇಳ್ತಾರೆ, ನೀವು ಬಂದಿದ್ದು ಯಾಕೆ ಅಂತ."

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. "ನಿಂತಿರೋರ ಕೈಗೆ ಕಾಗದ ಕೊಡಬೇಡ, ಅದು ಜೇಬಿಗೆ ಹೋಗುತ್ತೆ. ಕೂತಿರೋರ ಕೈಗೇ ಕೊಡು. ಆಗ ಅದು ಮೇಜಿಗೆ ಹೋಗುತ್ತೆ."

ಹಾಗಾಗಿ ಮಂತ್ರಿಗಳು ಕಾರಿಳಿದು ನಡೆದು ಬರುವಾಗ ಉಳಿದವರೆಲ್ಲ ಅರ್ಜಿ ಹಿಡಿದು ಓಡಿದರೆ, ದೊಡ್ಡಮ್ಮ ಮಾತ್ರ ಕೂತಲ್ಲೇ ಕೂತು ಅವರ ಕಾರ್ಯದರ್ಶಿಗೆ ಕೋಡುಬಳೆ ಕೊಡುತ್ತಿದ್ದಳು.

ಆ ಊರಿನ ಇನ್ನೊಂದು ರೂಢಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿ ಮದುವೆಯಾದ ಹೆಂಗಸನ್ನು ಅವಳ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಇಂಥವರ ತಾಯಿ ಎಂಬ ಅರ್ಥದಲ್ಲಿ 'ಮಾಮಾ' ಎಂದು ಸೇರಿಸಿ. ಬೆಂಚಿನಲ್ಲಿ ಪಕ್ಕ ಕೂತವರ ಮೊದಲ ಪ್ರಶ್ನೆಯೇ 'ಮಾಮಾ ನಾನಿ?' ನೀವು ಯಾರ ತಾಯಿ? ಮೊದಲ ಒಂದೆರಡು ವರ್ಷ ದೊಡ್ಡಮ್ಮ ಇದಕ್ಕೆ ನಕ್ಕು ಸುಮ್ಮನಾಗುತ್ತಿದ್ದಳಂತೆ. ಅವಳಿಲ್ಲದಾಗ ಹಿಂದಿನಿಂದ ಆಡಿಕೊಳ್ಳುವವರೂ ಇದ್ದರು, ಮಕ್ಕಳಿಲ್ಲದ ಮುಹಿಂದಿ ಹೆಂಗಸು ನಮಗೆ ಕುಟುಂಬ ಕಲಿಸಲು ಬಂದಿದ್ದಾಳೆ ಎಂದು. ಮುಹಿಂದಿ ಎಂದರೆ ಇಂಡಿಯಾದವಳು. ನಾನು ಬಂದ ವಾರವೇ ಅವಳು ನನ್ನ ಕೈ ಹಿಡಿದುಕೊಂಡು ಒಂದೊಂದೇ ಬೆಂಚಿಗೆ ಹೋಗಿ ತೋರಿಸಿ ಬಂದಳು. ಅಂದಿನಿಂದ ಊರಿನ ಅರ್ಧ ಕಚೇರಿಗಳಲ್ಲಿ ಅವಳು ಮಾಮಾ, ಮುಂದೆ ನನ್ನ ಹೆಸರು. ದೊಡ್ಡಪ್ಪನಿಗೆ ಇದು ದಿನದಿನದ ತಮಾಷೆ. ಅವಳು ಗೇಟು ತೆಗೆದರೆ, "ಬಂದ ನೋಡು ನಿನ್ನ ಮಾಮ, ಕಾಫಿ ಕೊಡು," ಎಂದು ನನಗೆ ಹೇಳುವರು.

ಒಕ್ಕೂಟದ ಅಧ್ಯಕ್ಷೆ ಊರಂಚಿನ ಕರೆನ್ ಬಡಾವಣೆಯಲ್ಲಿದ್ದರು. ಎತ್ತರದ ನಿಲುವು, ದನಿ ಏರಿಸದೆ ಮಾತಾಡುವ ಹೆಂಗಸು. ಅವರ ತೋಟದಲ್ಲಿ ನಮ್ಮಂಥ ನಾಲ್ಕು ಮನೆ ಹಿಡಿಯುತ್ತಿದ್ದವು. ದೊಡ್ಡಮ್ಮ ಹಳೆಯ ಪ್ಯೂಜೋ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುವಾಗ ನಾನೂ ಹೋಗುತ್ತಿದ್ದೆ. ಒಂದು ಸಲ ದಾರಿಯಲ್ಲಿ ಹೇಳಿದಳು, "ಅವರ ಮನೆಯವರಿಗೆ ಊರಲ್ಲಿ ಇನ್ನೊಂದು ಸಂಸಾರ ಇದೆ. ಮಕ್ಕಳೂ ಇದ್ದಾರೆ. ನೀನು ಇದನ್ನ ಕೇಳಿಸ್ಕೊಂಡಿಲ್ಲ." ನಾನು ಕೇಳಿಸಿಕೊಳ್ಳಲಿಲ್ಲ. ಅಧ್ಯಕ್ಷೆ ದೊಡ್ಡಮ್ಮನನ್ನು ಎಂದೂ ನನ್ನ ಹೆಸರು ಸೇರಿಸಿ ಕರೆಯಲಿಲ್ಲ, ಮೇಡಂ ಸೆಕ್ರೆಟರಿ ಎನ್ನುತ್ತಿದ್ದರು. ಆದರೆ ಅವರಿಬ್ಬರೂ ವರಾಂಡದಲ್ಲಿ ಕೂತು ಪತ್ರ ತಿದ್ದುವಾಗ ಅವರ ಚಪ್ಪಲಿಗಳು ಮೆಟ್ಟಿಲ ಬಳಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಸ್ನೇಹ ಎಂದಾಗ ನನಗೆ ನೆನಪಾಗುವುದು ಅದೇ.

ನನಗೆ ಹದಿನೇಳು ತುಂಬಿದ ವರ್ಷ ಸರ್ಕಾರ ಮದುವೆ ಮತ್ತು ಕುಟುಂಬದ ಕಾನೂನನ್ನು ತಿದ್ದಲು ಹೊರಟಿತು. ಸಂಸತ್ತಿನ ಒಂದು ಸಮಿತಿ ಸಂಘ ಸಂಸ್ಥೆಗಳ ಮನವಿ ಕೇಳುತ್ತದೆ ಎಂದಾಯಿತು. ಅಷ್ಟು ವರ್ಷಗಳ ಬೆಂಚೆಲ್ಲ ಇದಕ್ಕಾಗಿಯೇ ಇತ್ತು ಎಂಬಂತೆ ದೊಡ್ಡಮ್ಮ ಕೆಲಸಕ್ಕೆ ಇಳಿದಳು. ಅವಳು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ಅಧ್ಯಕ್ಷೆ ತಿದ್ದುವುದು. ಮನವಿಯ ನಡುಗಂಬ ಒಂದು ವಾಕ್ಯ: ಕುಟುಂಬ ಎಂದರೆ ಏನು ಎಂಬುದನ್ನು ಕಾನೂನಿನ ಮೊದಲಲ್ಲೇ ಹೇಳಬೇಕು. ದೊಡ್ಡಮ್ಮ ಹೇಳಿಬರೆಸಿದ್ದು 'ಮದುವೆಯಾದ ಅಪ್ಪ, ಅಮ್ಮ, ಮಕ್ಕಳು'. ಕರೆನ್‌ನಿಂದ ಅದು ತಿದ್ದಿಕೊಂಡು ಬಂದಾಗ ಹೀಗಿತ್ತು: 'ಮದುವೆಯಾದ ತಂದೆ, ತಾಯಿ ಮತ್ತು ಅವರಿಗೆ ಹುಟ್ಟಿದ ಮಕ್ಕಳು'. ಅಧ್ಯಕ್ಷೆಗೆ ಆ 'ಅವರಿಗೆ ಹುಟ್ಟಿದ' ಒಂದು ಗೋಡೆ. ಅದರ ಆಚೆಗೆ ಯಾರನ್ನು ಇಟ್ಟಿದ್ದಾರೆಂದು ನನಗೆ ಅರ್ಥವಾಯಿತು. ಗೋಡೆಯ ಆಚೆಗೆ ನಾನೂ ಇದ್ದೆ.

ಅದೇ ತಿಂಗಳು ನನ್ನ ಪಾಸಿನ ವಿಷಯದಲ್ಲಿ ಒಂದು ಪತ್ರ ಬಂತು. ಈ ಸಲದ ನವೀಕರಣಕ್ಕೆ ಮಗುವಿಗೂ ಅರ್ಜಿದಾರರಿಗೂ ಇರುವ ಸಂಬಂಧದ ದಾಖಲೆ ತರಬೇಕು ಎಂದಿತ್ತು. ದತ್ತಕದ ಕಾಗದ ನಮ್ಮಲ್ಲಿ ಇರಲಿಲ್ಲ. ತಂಗಿಯ ಮಗಳನ್ನು ಸಾಕಲು ನಮ್ಮವರಲ್ಲಿ ಯಾರು ಕಾಗದ ಮಾಡಿಸುತ್ತಾರೆ? ಪಾಸು ಆಗದಿದ್ದರೆ ನಾನು ಮೈಸೂರಿಗೆ ಹಿಂದಿರುಗಬೇಕು, ಶಾಲೆ ಇನ್ನೂ ಒಂದೂವರೆ ವರ್ಷ ಇರುವಾಗ, ಎಲ್ಲಿ ನಿಲ್ಲಬೇಕೆಂದು ತಿಳಿಯದ ಚಿಕ್ಕಮ್ಮನ ಮನೆಗೆ. ದೊಡ್ಡಮ್ಮ ಪತ್ರ ಓದಿ ಮಡಿಸಿ ತನ್ನ ಪ್ಲಾಸ್ಟಿಕ್ ಫೋಲ್ಡರಿಗೆ ಸೇರಿಸಿದಳು. ಮನವಿ ಮುಗಿದ ಮೇಲೆ ಆ ಬೆಂಚಿಗೆ ಹೋಗ್ತೀನಿ ಎಂದಳು. ಎರಡು ಕಾಗದಗಳೂ ಒಂದೇ ಫೋಲ್ಡರಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟುಕೊಂಡು ಇದ್ದವು. ಅವಳಿಗೆ ಅದು ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಅವಳು ಇಂಗ್ಲಿಷನ್ನು ಓದುತ್ತಿದ್ದುದು ಕನ್ನಡದಲ್ಲಿ. 'ತಾಯಿ' ಎಂದು ಬಂದಲ್ಲಿ ಅಮ್ಮ ಎಂದುಕೊಂಡಿರಬೇಕು. ಅಮ್ಮ ಎಂದ ಮೇಲೆ ದೊಡ್ಡಮ್ಮ ಅದರಲ್ಲಿ ಬಂದೇ ಬಂತು, ಪದದೊಳಗೇ ಇದೆಯಲ್ಲ. ಮಕ್ಕಳು ಎಂದಾಗ ಎದುರಿಗೆ ಟೈಪ್ ಮಾಡುತ್ತ ನಾನಿದ್ದೆ. ಆದರೆ ನನಗೆ ಕಂಡಿತ್ತು. ಆ ವಾಕ್ಯವನ್ನು ನಾನು ಐದಾರು ಸಲ ಟೈಪ್ ಮಾಡಿದೆ. ಒಮ್ಮೆಯೂ ಬಾಯಿ ಬಿಡಲಿಲ್ಲ. ಅವಳಿಗೇ ಕಾಣಲಿ ಎಂದು ಕಾದೆನೆ? ಇರಬಹುದು. ಹದಿನೇಳರ ಹುಡುಗಿಯರು ಇಂಥ ಪರೀಕ್ಷೆ ಒಡ್ಡುತ್ತಾರೆ.

ಸಮಿತಿ ಸೇರುವ ದಿನ ಊಟದ ಹೊತ್ತಿಗೆ ಮೊದಲೇ ನಾವು ಸಂಸತ್ತಿನ ಕಟ್ಟಡಕ್ಕೆ ಹೋದೆವು. ಮನವಿಯ ಜೊತೆ ಸ್ವಾಹಿಲಿ ಅನುವಾದ ಕೊಟ್ಟರೆ ಒಳ್ಳೆಯದು ಎಂದು ಯಾರೋ ಹೇಳಿದ್ದರು. ಕಾರಿಡಾರಿನ ಕೊನೆಯಲ್ಲಿ ಒಬ್ಬ ಮುದುಕರು ಸಣ್ಣ ಮೇಜು ಹಾಕಿಕೊಂಡು ಕಾಗದಗಳನ್ನು ಅನುವಾದಿಸುತ್ತಿದ್ದರು. ಹಿಂದೆ ಶಾಲೆಯ ಮೇಷ್ಟ್ರಾಗಿದ್ದರಿಂದ ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರೇ, ಎಂದೇ ಕರೆಯುತ್ತಿದ್ದರು. ದೊಡ್ಡಮ್ಮನ ಕೋಡುಬಳೆಗೆ ಎಂಟು ವರ್ಷದ ಗಿರಾಕಿ. ಅವರು ಓದುತ್ತ, ಬರೆಯುತ್ತ, ಕರುಂ ಕರುಂ ಎಂದು ಕಡಿಯುತ್ತ ಆ ವಾಕ್ಯಕ್ಕೆ ಬಂದು ನಿಂತರು. ನನ್ನ ಕಡೆ ನೋಡಿದರು.

ಈ ಹುಡುಗಿ ನಿಮಗೆ ಹುಟ್ಟಿದವಳೇ ಎಂದು ಕೇಳಿದರು. ದೊಡ್ಡಮ್ಮ ಅಲ್ಲವೆಂದಳು, ತಂಗಿಯ ಮಗಳು ಎಂದಳು.

"ಹಾಗಾದರೆ ನೀವು ಮಾಮಾ ಮ್ಕುಬ್ವಾ," ಎಂದರು ಮ್ವಾಲಿಮು.

ಮಾಮಾ ಎಂದರೆ ಅಮ್ಮ, ಮ್ಕುಬ್ವಾ ಎಂದರೆ ದೊಡ್ಡ. ದೊಡ್ಡಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ಅಷ್ಟು ವರ್ಷ ಆ ಊರಿನಲ್ಲಿದ್ದು ಅವಳಿಗೆ ಆ ಪದ ಗೊತ್ತಿರಲಿಲ್ಲ, ಏಕೆಂದರೆ ಅವಳನ್ನು ಎಲ್ಲರೂ ಬರೀ ಮಾಮಾ ಎನ್ನುತ್ತಿದ್ದರು. ನೋಡೇ, ನಮ್ಮ ಪದವನ್ನೇ ಇಟ್ಕೊಂಡಿದ್ದಾರೆ, ಎಂದಳು ನನಗೆ. ಮ್ವಾಲಿಮು ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ಈ ಕಾಗದದ ಪ್ರಕಾರ, ಮಾಮಾ, ಎಂಟು ವರ್ಷದಿಂದ ನಾನು ನಿಮ್ಮನ್ನ ತಪ್ಪು ಹೆಸರಲ್ಲಿ ಕರೀತಿದ್ದೀನಿ. ಹಾಗೇ ಬರೆಯಲಾ?"

ದೊಡ್ಡಮ್ಮ ಕಾಗದವನ್ನು ತಿರುಗಿಸಿಕೊಂಡು ಓದಿದಳು. ಬೆರಳಿಟ್ಟು ಓದಿದಳು. ಆಮೇಲೆ ನನ್ನನ್ನು ಕೇಳಿದಳು.

"ಟೈಪ್ ಮಾಡೋವಾಗ ನೋಡಿರ್ಲಿಲ್ವಾ?"

"ನೋಡಿದ್ದೆ."

"ಮತ್ತೆ?"

ಈ ಜಾಗವನ್ನು ಹಿಂದೊಮ್ಮೆ ಬರೆದಾಗ ನಾನು ಇಲ್ಲಿ ಹೇಳಿದ್ದೆ: 'ನೀನೇ ನೋಡಲಿ ಅಂತ ಕಾಯ್ತಿದ್ದೆ' ಎಂದೆ, ಅದೇ ನಾನು ಅವಳಿಗೆ ಮೊದಲ ಸಲ ನೀನು ಎಂದದ್ದು ಎಂದು. ಓದಿದವರು ಮೆಚ್ಚಿದರು. ಅದು ಸುಳ್ಳು. ನಾನು ಏನೂ ಹೇಳಲಿಲ್ಲ. ಮುಚ್ಚಳದ ಮೇಲಿನ ಕುದುರೆಯನ್ನು ನೋಡುತ್ತಿದ್ದೆ.

ದೊಡ್ಡಮ್ಮ ಮ್ವಾಲಿಮುವಿನಿಂದ ಒಂದು ಸ್ಕೇಲು ಕೇಳಿ ತೆಗೆದುಕೊಂಡಳು. ಏಳು ಪ್ರತಿಗಳಿದ್ದವು. ಏಳರಲ್ಲೂ 'ಅವರಿಗೆ ಹುಟ್ಟಿದ' ಎಂಬಲ್ಲಿ ಸ್ಕೇಲಿಟ್ಟು ಅಡ್ಡಗೆರೆ ಎಳೆದಳು. ಪ್ರೈಮರಿ ಶಾಲೆಯ ಕೈ, ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಅಷ್ಟರಲ್ಲಿ ಅಧ್ಯಕ್ಷೆ ಬಂದು ಕಾರಿಡಾರಿನ ಆ ತುದಿಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಅವರಿಗೆ ಹೇಳಲು ಹತ್ತು ನಿಮಿಷವಾದರೂ ಇತ್ತು. ದೊಡ್ಡಮ್ಮ ಎದ್ದು ನಾಲ್ಕು ಹೆಜ್ಜೆ ಹೋದಳು, ಮತ್ತೆ ಬಂದು ಕೂತಳು. ಹೇಳಲಿಲ್ಲ. ಅವಳ ಪರವಾಗಿ ಎಷ್ಟು ಬರೆದರೂ ಇದನ್ನು ನಾನು ಅಳಿಸಲಾರೆ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆಚೆ ಆರೇಳು ಸದಸ್ಯರು, ಈಚೆ ಅಧ್ಯಕ್ಷೆ ಮತ್ತು ದೊಡ್ಡಮ್ಮ. ನಾನು ಗೋಡೆಯ ಬಳಿ. ಅಧ್ಯಕ್ಷೆ ಕಾಗದ ನೋಡದೆ ಚೆನ್ನಾಗಿ ಮಾತಾಡಿದರು. ಆಮೇಲೆ ಸಮಿತಿಯ ಮುಖ್ಯಸ್ಥರು ಪ್ರತಿಯನ್ನು ಕಣ್ಣಿನ ಹತ್ತಿರ ತಂದು, ಇಲ್ಲೇನೋ ಹೊಡೆದುಹಾಕಿದೆಯಲ್ಲ, ಇದು ಯಾರು ಮಾಡಿದ್ದು ಎಂದರು. ಅಧ್ಯಕ್ಷೆ ತಮ್ಮ ಪ್ರತಿಯನ್ನು ಆಗ ನೋಡಿದರು. ದೊಡ್ಡಮ್ಮ ಎದ್ದು ನಿಂತು, ನಾನು ಎಂದಳು. ಯಾಕೆ ಎಂದು ಮುಖ್ಯಸ್ಥರು ಕೇಳಿದರು.

ಅವಳು ಸ್ವಾಹಿಲಿಯಲ್ಲೇ ಹೇಳಿದಳು, ಈಗಷ್ಟೇ ಸಿಕ್ಕ ಪದದ ಖುಷಿ ಇನ್ನೂ ಆರಿರಲಿಲ್ಲ. "ಯಾಕಂದ್ರೆ ಮಾಮಾ ಮ್ಕುಬ್ವಾನೂ ಅಮ್ಮನೇ."

ಸದಸ್ಯರಲ್ಲಿ ಒಬ್ಬರು ಫಕ್ಕನೆ ನಕ್ಕರು. ಇನ್ನಿಬ್ಬರು ನಗು ತಡೆದುಕೊಂಡರು. ಅವರು ನೋಡುತ್ತಿದ್ದುದು ದೊಡ್ಡಮ್ಮನನ್ನಲ್ಲ, ಅಧ್ಯಕ್ಷೆಯನ್ನು. ಅಧ್ಯಕ್ಷೆ ಕೈಚೀಲ ತೆಗೆದುಕೊಂಡು, ಸಮಿತಿಗೆ ವಂದಿಸಿ, ದೊಡ್ಡಮ್ಮನ ಕಡೆ ತಿರುಗದೆ ಹೊರಗೆ ಹೋದರು.

ಅದೇನೆಂದು ತಿಳಿಸಿದವರು ಮ್ವಾಲಿಮು, ಹೊರಗಿನ ಮೆಟ್ಟಿಲ ಮೇಲೆ. ತಾಯಿಯ ಅಕ್ಕ ಮಾತ್ರವಲ್ಲ, ಅಪ್ಪನ ಹಿರಿಯ ಹೆಂಡತಿಯೂ ಮಾಮಾ ಮ್ಕುಬ್ವಾ. ಅಧ್ಯಕ್ಷೆಯ ಗಂಡನ ಇನ್ನೊಂದು ಮನೆಯ ವಿಷಯ ಆ ಮೇಜಿನಲ್ಲಿ ಕೂತ ಗಂಡಸರಿಗೆಲ್ಲ ಗೊತ್ತಿತ್ತು. ಅವರ ಕಿವಿಗೆ ಬಿದ್ದದ್ದು ಒಂದೇ: ಕಾರ್ಯದರ್ಶಿ ಅಧ್ಯಕ್ಷೆಯ ಮನೆಯ ಗುಟ್ಟನ್ನು ಸಂಸತ್ತಿನಲ್ಲಿ ಎತ್ತಿ ಆಡಿದಳು.

ದೊಡ್ಡಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ನಮ್ಮಲ್ಲೂ ಹಾಗೇ ಅಲ್ವೇನೇ," ಎಂದಳು. "ಸವತಿ ಮಕ್ಕಳು ಹಿರೀ ಹೆಂಡ್ತೀನ ದೊಡ್ಡಮ್ಮ ಅಂತಾನೇ ಅಲ್ವಾ ಕರೆಯೋದು. ನನಗ್ಯಾಕೆ ಹೊಳೀಲಿಲ್ಲ?"

ಒಕ್ಕೂಟ ಆ ತಿಂಗಳೇ ಬೇರೆ ಕಾರ್ಯದರ್ಶಿಯನ್ನು ಆರಿಸಿತು. ಕಾನೂನಿನ ತಿದ್ದುಪಡಿ ಯಾವುದೋ ಕಪಾಟಿನಲ್ಲಿ ಮಲಗಿತು. ನಾವು ಎಳೆದ ಗೆರೆಯಾಗಲಿ, ಅಧ್ಯಕ್ಷೆ ಕಟ್ಟಿದ ಗೋಡೆಯಾಗಲಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ದೊಡ್ಡಪ್ಪ ತಮಾಷೆ ನಿಲ್ಲಿಸಿದರು, ಅದು ನನಗೆ ಹೆಚ್ಚು ಭಯ ತಂದಿತು. ನನ್ನ ಪಾಸಿನ ಗಡುವು ಹತ್ತಿರವಾಗುತ್ತಿತ್ತು. ದೊಡ್ಡಮ್ಮ ಮೊದಲು ಆ ಬೆಂಚಿಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಕೋಡುಬಳೆ ಕರಿದು ಡಬ್ಬಿ ತುಂಬಿ, ಕರೆನ್‌ಗೆ ಹೊರಟಳು.

ಮೊದಲ ದಿನ ಗೇಟಿನ ಕಾವಲುಗಾರ ಅಮ್ಮಾವರು ಮನೆಯಲ್ಲಿಲ್ಲ ಎಂದ. ಅವರ ಕಾರು ಅಲ್ಲೇ ನಿಂತಿತ್ತು. ನಾವು ಹಿಂದಿರುಗಿದೆವು. ಎರಡನೆಯ ಸಲ ವರಾಂಡದ ಬೆಂಚಿನ ತನಕ ಬಿಟ್ಟರು, ಕೆಲಸದವಳು ಚಹಾ ತಂದಳು, ಅಧ್ಯಕ್ಷೆ ಹೊರಗೆ ಬರಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆವು. ಮೂರನೆಯ ಸಲ ಅಧ್ಯಕ್ಷೆ ಡಬ್ಬಿಯೊಂದಿಗೇ ಹೊರಗೆ ಬಂದು ಎದುರಿಗೆ ಕೂತರು. ಡಬ್ಬಿ ಖಾಲಿಯಾಗಿತ್ತು. (ಮೂರು ಸಲ ಎಂದು ಬರೆಯುವಾಗ ನನಗೇ ಅನುಮಾನ. ನಿಯಮಕ್ಕೆ ಸರಿಯಾಗಿ ಮೂರೇ ಏಕೆ? ಆದರೆ ಎಣಿಸಿದರೂ ಮೂರೇ ಬರುತ್ತದೆ.)

ನೀವು ಬಂದಿದ್ದು ಯಾಕೆ ಎಂದರು ಅಧ್ಯಕ್ಷೆ.

"ಗೆರೆ ಎಳೆದದ್ದಕ್ಕೆ ಕ್ಷಮೆ ಕೇಳೋಕೆ ಬಂದಿಲ್ಲ," ಎಂದಳು ದೊಡ್ಡಮ್ಮ. "ನಿಮಗೆ ಹೇಳದೇ ಎಳೆದೆ. ಅದಕ್ಕೆ ಬಂದೆ."

ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ಗೊತ್ತಿರಲಿಲ್ಲ ಎಂಬುದನ್ನೂ ಹೇಳಿದಳು. ಅಧ್ಯಕ್ಷೆ ತೋಟದ ಕಡೆ ನೋಡುತ್ತ ಇದ್ದರು. ಆ ಮನೆಯ ಮಕ್ಕಳು ಹಬ್ಬಕ್ಕೆ ಫೋನು ಮಾಡುತ್ತಾರೆ ಎಂದರು, ಬಹಳ ಮರ್ಯಾದೆಯಿಂದ ಮಾಮಾ ಮ್ಕುಬ್ವಾ ಎನ್ನುತ್ತಾರೆ, ತಾನು ಫೋನು ಇಟ್ಟುಬಿಡುತ್ತೇನೆ ಎಂದರು. ದೊಡ್ಡಮ್ಮ ಇನ್ನೇನು ಏಳುತ್ತಾಳೆ ಎನಿಸಿತು. ನನ್ನ ಪಾಸಿನ ಮಾತನ್ನು ಅವಳು ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಕ್ಷಮೆಯ ಜೊತೆ ಅರ್ಜಿ ಬೆರೆಸುವವಳಲ್ಲ ಅವಳು.

ಫೋಲ್ಡರು ನನ್ನ ಕೈಯಲ್ಲಿತ್ತು. ಅಧ್ಯಕ್ಷೆ ಕೂತಿದ್ದರು. ನಾನು ಆ ಪತ್ರವನ್ನು ತೆಗೆದು ಅವರ ಕೈಗೆ ಕೊಟ್ಟೆ. ದೊಡ್ಡಮ್ಮ ನನ್ನ ಹೆಸರು ಹಿಡಿದು ಒಮ್ಮೆ ಕರೆದಳು, ಮೆಲ್ಲಗೆ. ಪತ್ರ ಆಗಲೇ ಮೇಜಿಗೆ ಹೋಗಿತ್ತು.

ಅಧ್ಯಕ್ಷೆ ಎರಡು ಸಲ ಓದಿದರು. ನಿನ್ನನ್ನು ಕಳಿಸಿಬಿಡುತ್ತಾರೆಯೇ ಎಂದು ಕೇಳಿದರು. ಕಾಗದ ಇಲ್ಲದಿದ್ದರೆ ಕಳಿಸುತ್ತಾರೆ ಎಂದೆ.

"ನೀನು ಇವರನ್ನ ಏನಂತ ಕರೀತೀಯ?"

"ದೊಡ್ಡಮ್ಮ ಅಂತ."

"ಹಾಗಂದ್ರೆ?"

ಅವರ ಮುಂದೆ ಆ ಪದವನ್ನು ಮತ್ತೆ ಹೇಗೆ ಆಡುವುದು? ಹೇಳು, ಎಂದರು ಅವರೇ. ಹೇಳಿದೆ. ಮಾಮಾ ಮ್ಕುಬ್ವಾ. ಅವರು ಮುಖ ತಿರುಗಿಸಲಿಲ್ಲ. ಆ ಪದವನ್ನು ನನ್ನ ಬಾಯಿಂದ ಕೇಳಿ, ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡರು ಎಂದು ನನಗನಿಸಿತು. ಇದು ನನ್ನ ಕಲ್ಪನೆಯೂ ಇರಬಹುದು. ಒಳಗೆ ಹೋಗಿ ಒಕ್ಕೂಟದ ಕಾಗದ ತಂದು, ವಲಸೆ ಕಚೇರಿಗೆ ತಮ್ಮ ಕೈಯಾರೆ ಪತ್ರ ಬರೆದರು: ಈ ಹುಡುಗಿ ಈ ತಾಯಿಯ ಮಗಳು, ಇವರ ಮನೆಯಲ್ಲಿ ಎಂಟು ವರ್ಷ ಬೆಳೆದದ್ದಕ್ಕೆ ನಾನು ಸಾಕ್ಷಿ. ಹುಟ್ಟಿದ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಒಂದು ಕಡೆ ನಿಲ್ಲಿಸಿ, ನೀನು ಕರೆಯುವ ಆ ಪದವನ್ನೂ ಬರೆಯುತ್ತೇನೆ, ಅಕ್ಷರ ಹೇಳು ಎಂದರು. ಹೇಳಿದೆ. ನಮ್ಮ ಒತ್ತಕ್ಷರಗಳು ಇಂಗ್ಲಿಷಿಗೆ ಸುಲಭವಾಗಿ ಇಳಿಯುವುದಿಲ್ಲ. ಅವರು ಒಂದೊಂದೇ ಅಕ್ಷರ ಬರೆದು ಮುಂದೆ ಹೋದರು.

ಅವರ ಸ್ನೇಹ ಮೊದಲಿನಂತಾಯಿತು ಎಂದು ಹೇಳಲಾರೆ. ದೊಡ್ಡಮ್ಮ ಮತ್ತೆ ಕಾರ್ಯದರ್ಶಿಯಾಗಲಿಲ್ಲ. ಡಬ್ಬಿ ಮಾತ್ರ ಅಂದು ತುಂಬಿ ಬಂತು, ಅವರ ತೋಟದ ಪ್ಯಾಷನ್ ಹಣ್ಣುಗಳಿಂದ.

ವಲಸೆ ಕಚೇರಿಯ ಬೆಂಚು ಅವಳು ಕೂತ ಬೆಂಚುಗಳಲ್ಲೆಲ್ಲ ಕೆಟ್ಟದ್ದು, ಒಂದು ಕಾಲು ಗಿಡ್ಡ, ಯಾರು ಎದ್ದರೂ ಉಳಿದವರು ವಾಲುತ್ತಿದ್ದರು. ಊರಿನವರ ಕುಟುಂಬಗಳ ಬಗ್ಗೆ ಅಷ್ಟು ಮಾತಾಡಿದವಳಿಗೆ ತನ್ನದರ ಬಗ್ಗೆ ಮಾತೇ ಹೊರಡಲಿಲ್ಲ. ಅಧಿಕಾರಿಯ ಅಮ್ಮನ ಮಂಡಿಯನ್ನು ಕೇಳಲಿಲ್ಲ, ಮೂರು ದಿನ ಕಾಯಲಿಲ್ಲ. ಪತ್ರವನ್ನು ಕೂತಿದ್ದವರ ಕೈಗೆ ಕೊಟ್ಟು ಬಂದು ಕೂತಳು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ಮಿಸೆಸ್ ಡೋಡಾಮಾ."

ಯಾರೂ ಏಳಲಿಲ್ಲ. ಮಿಸೆಸ್ ಡೋಡಾಮಾ, ಎಂದು ಮತ್ತೆ ಕೂಗಿದರು, ಮಗಳ ಪಾಸು ಸಿದ್ಧವಾಗಿದೆ. ಅಧ್ಯಕ್ಷೆ ಬರೆದ ಪದವನ್ನು ಅವರು ಹೆಸರೆಂದು ತಿಳಿದು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು. ತಪ್ಪಾಗಿದೆ ಎಂದು ಹೇಳಲು ನಾನು ಬಾಯಿ ತೆರೆದೆ.

ದೊಡ್ಡಮ್ಮ ಮೊಣಕೈಯಿಂದ ತಿವಿದಳು. "ಸುಮ್ನಿರು," ಎಂದು, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, ಸೀರೆ ಸರಿಮಾಡಿಕೊಂಡು ಎದ್ದಳು. ಬೆಂಚು ವಾಲಿತು.